ಮೇಲೊಂದು ಬೆಂಕಿ, ಕೆಳಗೊಂದು ಬೆಂಕಿ

ಸೌತೆಕಾಯಿಯಿಂದ ಸಿಹಿತಿಂಡಿ ಎಂದೊಡನೆ ಘಟ್ಟದ ಮೇಲಿನವರು ಹುಬ್ಬೇರಿಸುವುದುಂಟು. ಅವರಿಗೆ ಸೌತೆಕಾಯಿಯೆಂದರೆ ಕೋಸಂಬರಿ, ಹೆಚ್ಚೆಂದರೆ ಹುಳಿ. ಕರಾವಳಿಯ ಕೊಂಕಣಿ ಮನೆಗಳಲ್ಲಾದರೋ ಹಣ್ಣಾದ ದೊಡ್ಡ ಸೌತೆಕಾಯಿ, ಅಕ್ಕಿಯ ತರಿ, ಬೆಲ್ಲ, ತೆಂಗಿನ ತುರಿ, ಇವಿಷ್ಟರಿಂದಲೇ ಕಂದುಬಣ್ಣದ, ಪರಿಮಳಭರಿತವಾದ ಭಕ್ಷ್ಯವೊಂದು ತಲೆಮಾರುಗಳಿಂದ ಸಿದ್ಧವಾಗುತ್ತ ಬಂದಿದೆ. ಕೊಂಕಣಿಯಲ್ಲಿ ಸೌತೆಕಾಯಿಗೆ ತವಶೆಂ ಎಂದು ಹೆಸರು, ಅದರಿಂದಾದುದು ತವಸಳಿ. ಮೈದಾ ಇಲ್ಲ, ಮೊಟ್ಟೆ ಇಲ್ಲ; ಆದರೂ ಕತ್ತರಿಸಿ ತಟ್ಟೆಗೆ ಬಡಿಸಿದಾಗ ಅದನ್ನು ಕೇಕು ಎನ್ನದೆ ಬೇರೇನೆಂದು ಕರೆಯಬೇಕೋ ತಿಳಿಯುವುದಿಲ್ಲ.

ಅಜ್ಜಿಯರ ಕಾಲದ ಇಂಥ ತಿಂಡಿಗಳನ್ನು ಮತ್ತೆ ಮಾಡಿನೋಡಬೇಕೆಂಬ ಹಂಬಲ ಈಚೆಗೆ ನಗರದ ಅಡಿಗೆಮನೆಗಳಲ್ಲಿ ಮೂಡಿರುವುದು ಸಂತೋಷದ ಸಂಗತಿ. ಅಜ್ಜಿಯ ಕೈಬರಹದ ಹಳೆಯ ಪುಸ್ತಕವೊಂದು ಪೆಟ್ಟಿಗೆಯ ತಳದಲ್ಲಿ ದೊರೆಯುತ್ತದೆ, ಮೊಮ್ಮಗಳು ಉತ್ಸಾಹದಿಂದ ಸಾಮಾನೆಲ್ಲ ಕೂಡಿಸುತ್ತಾಳೆ, ಬರೆದಂತೆಯೇ ಕಲಸುತ್ತಾಳೆ. ಆದರೆ ಬಂದ ತಿಂಡಿ ಅಜ್ಜಿಯದಲ್ಲ. ಹಿಟ್ಟೇನೋ ಬೆಂದಿರುತ್ತದೆ, ಆದರೆ ಬಿಳಿಚಿಕೊಂಡು, ಒದ್ದೆಯಾಗಿ, ಕಡುಬಿನ ನೆಂಟನಂತೆ ಕುಳಿತಿರುತ್ತದೆ. ಬೆಲ್ಲವನ್ನೂ ಸೌತೆಕಾಯಿಯನ್ನೂ ದೂರಿ ಫಲವಿಲ್ಲ. ಕೊರತೆಯಿರುವುದು ಸಾಮಗ್ರಿಯಲ್ಲಲ್ಲ, ಬೆಂಕಿಯಲ್ಲಿ. ಅದರಲ್ಲಿಯೂ ಮೇಲಿನ ಬೆಂಕಿಯಲ್ಲಿ.

ಹಿಂದೆ ತವಸಳಿ ಬೇಯುತ್ತಿದ್ದ ಕ್ರಮ ಹೀಗೆ. ರಾತ್ರಿಯ ಅಡಿಗೆ ಮುಗಿದ ಮೇಲೆ ಒಲೆಯಲ್ಲಿ ಉರಿಯನ್ನಾರಿಸಿ ಕೆಂಡವನ್ನಷ್ಟೇ ಉಳಿಸುವರು. ದಪ್ಪ ತಳದ ಪಾತ್ರೆಗೆ ತುಪ್ಪ ಸವರಿ, ಬಾಡಿಸಿದ ಬಾಳೆಲೆಯನ್ನು ಹಾಸಿ, ಹಿಟ್ಟನ್ನು ಹರಡಿ, ಮೇಲೆ ಇನ್ನೊಂದು ಎಲೆ ಹೊದಿಸಿ, ಚಪ್ಪಟೆಯಾದ ಮುಚ್ಚಳವನ್ನಿಡುವರು. ಆ ಮುಚ್ಚಳದ ಮೇಲೆಯೂ ಕೆಂಡ! ತೆಂಗಿನ ಗೆರಟೆಯ ಕೆಂಡವಾದರೆ ಕಾವು ಬಲು ತೀಕ್ಷ್ಣ. ಸಿಪ್ಪೆಯ ಕೆಂಡವಾದರೆ ಮಂದ. ಯಾವುದನ್ನು ಮೇಲಿಡಬೇಕು, ಯಾವುದನ್ನು ಕೆಳಗೆ, ಎಷ್ಟು ಬೂದಿ ಮುಸುಕಿಸಬೇಕು ಎಂಬುದನ್ನೆಲ್ಲ ಮನೆಯ ಹಿರಿಯಳು ಮೂಗಿನಿಂದಲೇ ನಿರ್ಣಯಿಸುತ್ತಿದ್ದಳು. ಬಾಳೆಲೆ ಹೊತ್ತುವ ವಾಸನೆ ಬಂದರೆ ಮೇಲಿನ ಕೆಂಡ ಸರಿಸಬೇಕು. ಬೆಲ್ಲದ ಪರಿಮಳ ಹೊರಟರೆ ಇನ್ನು ಸ್ವಲ್ಪವೇ ಹೊತ್ತು. ಬೆಳಗಾಗುವಷ್ಟರಲ್ಲಿ ತಿಂಡಿ ತಾನಾಗಿ ಪಾತ್ರೆಯ ಬದಿ ಬಿಟ್ಟಿರುತ್ತಿತ್ತು.

ಇದು ಒಂದು ಸಮುದಾಯದ ಸೊತ್ತೇನೂ ಅಲ್ಲ. ಅಕ್ಕಿ, ಬೆಲ್ಲ, ಹುರಿದ ಈರುಳ್ಳಿ, ತೆಂಗಿನ ಚೂರುಗಳನ್ನು ಕೂಡಿಸಿ ಬ್ಯಾರಿ ಮನೆಗಳಲ್ಲಿ ಮಾಡುವ ಕಲ್ತಪ್ಪಕ್ಕೂ ಬೇಕಾದುದು ಮೇಲೆ ಕೆಳಗೆ ಎರಡೂ ಕಡೆಯ ಕಾವೇ. ಗೋವೆಯ ಬೆಬಿಂಕದಲ್ಲಂತೂ ಮೇಲಿನ ಬೆಂಕಿಯದೇ ಪ್ರಧಾನಪಾತ್ರ. ತೆಂಗಿನ ಹಾಲು, ಮೊಟ್ಟೆಯ ಹಳದಿ, ಸಕ್ಕರೆ, ಮೈದಾ ಕೂಡಿಸಿದ ತೆಳು ಹಿಟ್ಟನ್ನು ಒಂದು ಪದರ ಹೊಯ್ದು, ಮೇಲಿನ ಕೆಂಡದಿಂದ ಕೆಂಪಗೆ ಮಾಡಿ, ತುಪ್ಪ ಹಾಕಿ, ಮತ್ತೊಂದು ಪದರ ಹೊಯ್ಯಬೇಕು. ಏಳು ಪದರವಾದರೂ ಆಗದ ಹೊರತು ಬೆಬಿಂಕವೆನ್ನಿಸಿಕೊಳ್ಳದು. ಇಡೀ ಮಧ್ಯಾಹ್ನ ಒಲೆಯ ಮುಂದೆ ಕುಳಿತಿರುವ ತಾಳ್ಮೆಯೇ ಅದರ ಮುಖ್ಯ ಸಾಮಗ್ರಿ. ಅದೇ ಗೋವೆಯ ಮನೆಗಳಲ್ಲಿ ರವೆ, ತೆಂಗಿನಕಾಯಿ, ಮೊಟ್ಟೆಗಳಿಂದಾಗುವ ‘ಬಾತ್’ ಎಂಬ ಕೇಕೂ ಇದೆ. ನಮ್ಮ ಬಿಸಿಬೇಳೆ ಬಾತಿಗೂ ಅದಕ್ಕೂ ಯಾವ ನೆಂಟಸ್ತನವೂ ಇಲ್ಲ.

ಒಲೆಯಲ್ಲಿಟ್ಟು ಬೇಯಿಸುವ ಈ ವಿದ್ಯೆಯೆಲ್ಲ ಪರಂಗಿಯವರಿಂದಲೇ ಬಂದುದೆಂಬ ಭಾವನೆ ವಿದ್ಯಾವಂತರಲ್ಲಿಯೂ ಇದೆ. ಹುದುಗೆಬ್ಬಿಸಿದ ರೊಟ್ಟಿಯನ್ನು ಪೋರ್ಚುಗೀಸರು ಗೋವೆಗೆ ತಂದದ್ದು ನಿಜ. ಆದರೆ 16ನೆಯ ಶತಮಾನದ ಆರಂಭದಲ್ಲಿಯೇ, ಕಲ್ಲಹಳ್ಳಿಯ ಮೂರನೆಯ ಮಂಗರಸನು ತನ್ನ ‘ಸೂಪಶಾಸ್ತ್ರ’ವೆಂಬ ಕನ್ನಡ ಪಾಕಗ್ರಂಥದಲ್ಲಿ ಮುಚ್ಚಳ ರೊಟ್ಟಿಯನ್ನು ವರ್ಣಿಸಿದ್ದಾನೆ. ಗೋದಿಯ ಹಿಟ್ಟಿನ ಈ ರೊಟ್ಟಿ ಬೇಯುವುದು ಮುಚ್ಚಿದ ಪಾತ್ರೆಯಲ್ಲಿ, ಮೇಲೂ ಕೆಳಗೂ ಕೆಂಡಗಳ ನಡುವೆ. ಹೆಸರಿನಲ್ಲಿಯೇ ಮುಚ್ಚಳವಿದೆ. ಪಾಕಶಾಸ್ತ್ರವನ್ನು ಷಟ್ಪದಿಯಲ್ಲಿ ಹಾಡಿದ ಈ ಜೈನ ಕವಿಯನ್ನು ಪಂಡಿತರು ಮಾತ್ರ ಓದುತ್ತಿರುವುದು ಅಡಿಗೆಯವರ ದುರ್ದೈವವೇ ಸರಿ.

ಮೇಲಿನ ಬೆಂಕಿಯಿಂದ ಆಗುವುದಾದರೂ ಏನು? ಬೇಯುವುದು ಬೇರೆ, ಕೆಂಪಾಗುವುದು ಬೇರೆ. ಅಕ್ಕಿಯ ತರಿ ನೀರುಂಡು ಅರಳಿ ಬೇಯುವುದಕ್ಕೆ 100 ಡಿಗ್ರಿಯೊಳಗಿನ ಕಾವೇ ಸಾಕು. ಹಬೆ ಅಷ್ಟನ್ನು ಧಾರಾಳವಾಗಿ ಕೊಡುತ್ತದೆ. ಆದರೆ ಮೇಲ್ಮೈ ಕಂದಾಗಿ, ಕಂಪು ಬಿಟ್ಟು, ಅಂಚು ಗರಿಗರಿಯಾಗಬೇಕಾದರೆ ಅಲ್ಲಿಯ ನೀರು ಆರಿಹೋಗಿ ಕಾವು 140 ಡಿಗ್ರಿಯ ಆಚೀಚೆಗೆ ಏರಬೇಕು. ಹಬೆ ಎಂದೂ ಅಲ್ಲಿಗೇರದು. ಆದ್ದರಿಂದ ಇಡ್ಲಿಪಾತ್ರೆಯಲ್ಲಿ ಬೇಯಿಸಿದ ತವಸಳಿಯು ರುಚಿಯಾದ ಕಡುಬು; ತವಸಳಿಯಲ್ಲ. ಮೈಕ್ರೋವೇವ್ ಒಲೆಯಲ್ಲಿಯೂ, ಬಿಸಿಗಾಳಿಯ ಏರ್ಪಾಡಿಲ್ಲದಿದ್ದರೆ, ಇದೇ ಪಾಡು.

ಇಂದಿನ ಗೃಹಿಣಿಗೆ ಕೆಂಡವೆಲ್ಲಿಂದ ಬರಬೇಕು? ಅನಿಲದ ಒಲೆ ಹಳ್ಳಿಯ ಮನೆಗಳಲ್ಲಿಯೂ ನೆಲೆಸಿದೆ. ಹೊಗೆಯಿಂದ ಕಣ್ಣು ಕಳೆದುಕೊಂಡ ಹಿರಿಯರನ್ನು ನೆನೆದರೆ ಅದು ಬಂದುದು ಒಳ್ಳೆಯದೇ ಆಯಿತು. ಕೆಂಡವಿಲ್ಲದಿದ್ದರೆ ಕೆಂಡದ ಕೆಲಸವನ್ನು ಬೇರೊಂದರಿಂದ ಮಾಡಿಸಬೇಕು. ಕೆಳಗೂ ಮೇಲೂ ಕಂಬಿಗಳಿರುವ ಚಿಕ್ಕ ವಿದ್ಯುತ್ ಒಲೆ ಮನೆಯಲ್ಲಿದ್ದರೆ ಚಿಂತೆಯೇ ಇಲ್ಲ. ಹಳೆಯ ಒಲೆಯ ನಿಜವಾದ ವಾರಸುದಾರ ಅದೇ. ಎರಡು ಕಂಬಿಗಳನ್ನೂ ಹೊತ್ತಿಸಿ ಬೇಯಿಸಿ, ಕೊನೆಯ ಐದಾರು ನಿಮಿಷ ಮೇಲಿನದನ್ನು ಮಾತ್ರ ಇಟ್ಟರೆ ಮುಚ್ಚಳದ ಮೇಲೆ ಗೆರಟೆಯ ಕೆಂಡ ಸುರಿದಂತೆಯೇ. ಬೆಬಿಂಕಕ್ಕೆ ಮೊದಲ ಪದರವೊಂದು ಬೆಂದಮೇಲೆ ಮೇಲಿನ ಕಂಬಿಯೇ ಸಾಕು.

ವಿದ್ಯುತ್ ಒಲೆಯಿಲ್ಲದವರು ನಿರಾಶರಾಗಬೇಕಾಗಿಲ್ಲ. ಕಬ್ಬಿಣದ ದಪ್ಪ ಕಾವಲಿಗಳು ಎರಡಿದ್ದರೆ ಸಾಕು. ಒಂದನ್ನು ಸಣ್ಣ ಉರಿಯ ಮೇಲಿಟ್ಟು ಅದರ ಮೇಲೆ ತವಸಳಿಯ ಪಾತ್ರೆಯನ್ನು ಮುಚ್ಚಿಡಬೇಕು. ಮುಕ್ಕಾಲು ಪಾಲು ಬೆಂದ ಮೇಲೆ ಮುಚ್ಚಳ ತೆಗೆದು, ಪಕ್ಕದ ಉರಿಯಲ್ಲಿ ಚೆನ್ನಾಗಿ ಕಾಯಿಸಿದ ಇನ್ನೊಂದು ಕಾವಲಿಯನ್ನೇ ಪಾತ್ರೆಯ ಬಾಯಿಗೆ ಮುಚ್ಚಬೇಕು. ಅದು ತಣಿದಾಗ ಮತ್ತೆ ಕಾಯಿಸಿ ಮುಚ್ಚಬೇಕು. ಮೂರು ನಾಲ್ಕು ಸಲವಾದರೆ ಮೇಲ್ಮೈ ಕೆಂಪೇರುತ್ತದೆ. ಪಾತ್ರೆ ತೀರ ಆಳವಾಗಿದ್ದರೆ ಕಾವು ಕೆಳಗಿಳಿಯದು. ಹಿಟ್ಟಿಗೂ ಕಾವಲಿಗೂ ನಡುವೆ ಒಂದು ಬೆರಳಿನ ಅಂತರವಿದ್ದರೆ ಒಳ್ಳೆಯದು. ಮಕ್ಕಳನ್ನು ಆ ಹೊತ್ತು ಅಡಿಗೆಮನೆಯಿಂದಾಚೆ ಇಡುವುದು ಕ್ಷೇಮ.

ಪ್ರಯೋಗಕ್ಕೆ ತವಸಳಿಯೇ ಯೋಗ್ಯವಾದುದು. ಕೆಟ್ಟರೂ ನಷ್ಟ ಹೆಚ್ಚಿಲ್ಲ. ಬಲಿತು ಹಳದಿಯಾದ ಮಂಗಳೂರು ಸೌತೆ ಆಗಬೇಕು. ಕರಾವಳಿಯ ಹಳೆಯ ಮನೆಗಳಲ್ಲಿ ಇದನ್ನು ಮಳೆಗಾಲಕ್ಕೆಂದು ಮಾಡಿನ ಜಂತಿಗೆ ಸಾಲಾಗಿ ಕಟ್ಟಿ ತೂಗುಹಾಕುತ್ತಿದ್ದರು, ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ಮೊದಲು ಒಂದು ಚೂರನ್ನು ತಿಂದುನೋಡಬೇಕು. ಕಹಿಯಿದ್ದರೆ ಯಾವ ಬೆಲ್ಲವೂ ಅದನ್ನು ಮುಚ್ಚಲಾರದು. ಸಿಪ್ಪೆ, ಬೀಜ, ತಿರುಳು ತೆಗೆದು ತುರಿದದ್ದು ನೀರಿನ ಸಹಿತ ಎರಡು ಬಟ್ಟಲು. ಅದಕ್ಕೆ ಪುಡಿಬೆಲ್ಲ ಒಂದು ಬಟ್ಟಲು, ಚಿಟಿಕೆ ಉಪ್ಪು. ಬೆಲ್ಲ ಕರಗಿ ಕುದಿ ಬಂದಾಗ, ತುಪ್ಪದಲ್ಲಿ ಬೆಚ್ಚಗೆ ಹುರಿದ ಅಕ್ಕಿತರಿ ಒಂದು ಬಟ್ಟಲನ್ನು ಸುರಿಯುತ್ತ ಕೈಯಾಡಿಸಬೇಕು. ಬೇರೆ ನೀರು ಬೇಡ. ಸೌತೆಕಾಯಿಯ ನೀರೇ ಸಾಕು. ಉಪ್ಪಿಟ್ಟಿಗಿಂತ ತುಸು ಸಡಿಲವಾದಾಗಲೇ ಇಳಿಸಿ, ಮುಕ್ಕಾಲು ಬಟ್ಟಲು ಕಾಯಿತುರಿ, ಏಲಕ್ಕಿ, ಗೋಡಂಬಿ ಸೇರಿಸಬೇಕು. ಎಲೆ ಹಾಸಿದ ಪಾತ್ರೆಯಲ್ಲಿ ಒಂದೂವರೆ ಅಂಗುಲಕ್ಕಿಂತ ದಪ್ಪವಾಗದಂತೆ ಹರಡಿ, ಹತ್ತು ನಿಮಿಷ ಮುಂಚಿತವಾಗಿ ಕಾಯಿಸಿದ ಒಲೆಯಲ್ಲಿ 180 ಡಿಗ್ರಿಯಲ್ಲಿ ಸುಮಾರು 40 ರಿಂದ 45 ನಿಮಿಷ. ಸೋಡಾ ಹಾಕಿ ಉಬ್ಬಿಸುವ ಆಸೆ ಬೇಡ. ತವಸಳಿಯ ಸೊಗಸಿರುವುದೇ ಅದರ ಘನತೆಯಲ್ಲಿ.

ಎಲ್ಲ ಹಳೆಯ ಪಾಕಗಳೂ ಇಷ್ಟು ಸುಲಭವಾಗಿ ಕೈಗೆ ಸಿಕ್ಕುವುದಿಲ್ಲ. ಅಳತೆಯ ತೊಡಕೊಂದಿದೆ. ಹಳೆಯ ಮೈಸೂರಿನ ಪಾವು, ಕರಾವಳಿಯ ಕುಡ್ತೆ, ಸೇರು, ಚಟಾಕು ಇವೆಲ್ಲ ಊರಿಂದೂರಿಗೆ ಬೇರೆ. ಸೇರೊಂದನ್ನೇ ತೆಗೆದುಕೊಳ್ಳಿ: 80 ತೊಲದ ಪಕ್ಕಾ ಸೇರು ಸುಮಾರು 933 ಗ್ರಾಂ, 24 ತೊಲದ ಕಚ್ಚಾ ಸೇರು 280 ಗ್ರಾಂ. ಪುಸ್ತಕದಲ್ಲಿ ಬರಿದೇ ‘ಸೇರು’ ಎಂದಿದ್ದರೆ ಯಾವ ಸೇರೆಂದು ಆ ಮನೆಯವರೇ ಹೇಳಬೇಕು. ‘ಎರಡಾಣೆ ಏಲಕ್ಕಿ’ ಎಂದಿದ್ದರಂತೂ ಮುಗಿಯಿತು. 1957ರಲ್ಲಿ ನಯಾಪೈಸೆ ಬಂದು ಆಣೆ ತೆರೆಮರೆಗೆ ಸರಿಯಿತು, ಆ ದರದಲ್ಲಿ ಏಲಕ್ಕಿ ಇನ್ನು ಕನಸಿನಲ್ಲಿ ಮಾತ್ರ.

ಮೊಟ್ಟೆಯ ಕೇಕುಗಳಲ್ಲಿ ಇನ್ನೊಂದು ಬಗೆಯ ಮೋಸವಿದೆ. ಮೈದಾ, ಬೆಣ್ಣೆ, ಸಕ್ಕರೆ, ಮೊಟ್ಟೆ ಒಂದೊಂದೂ ಒಂದೊಂದು ಪೌಂಡು, ಅಂದರೆ 454 ಗ್ರಾಂ. ಹಳೆಯ ಪೌಂಡ್ ಕೇಕಿನ ಸೂತ್ರವಿದು. ಮನೆಯ ಪುಸ್ತಕದಲ್ಲಿ ತೂಕದ ಬದಲು ಮೊಟ್ಟೆಯ ಎಣಿಕೆಯನ್ನು ಬರೆದಿಟ್ಟಿದ್ದರೆ ಎಚ್ಚರಿಕೆ ಬೇಕು. ಹಿತ್ತಿಲಲ್ಲಿ ಮೇಯುತ್ತಿದ್ದ ನಾಟಿಕೋಳಿಯ ಮೊಟ್ಟೆ 40 ಗ್ರಾಂ ತೂಗಿದರೆ ಹೆಚ್ಚು. ಇಂದಿನ ಅಂಗಡಿಯ ಮೊಟ್ಟೆ 50ನ್ನು ದಾಟುತ್ತದೆ. ಅಂದಿನ ಹತ್ತಕ್ಕೆ ಇಂದಿನ ಏಳೆಂಟೇ ಸಾಕು. ಲೆಕ್ಕ ನೋಡದೆ ಹತ್ತನ್ನೂ ಒಡೆದು ಹಾಕಿದವರು ಕೇಕು ರಬ್ಬರಿನಂತಾಯಿತೆಂದು ಹಿರಿಯರನ್ನು ಶಂಕಿಸುವುದು ನ್ಯಾಯವಲ್ಲ. ಇನ್ನು ಮೊಟ್ಟೆ ಮುಟ್ಟದ ಮನೆಗಳವರು ಮೊಸರು ಸೋಡಾಗಳಿಂದ ಪರರ ಕೇಕನ್ನು ಅನುಕರಿಸಲು ಹೆಣಗುವುದೇಕೋ! ತಮ್ಮದೇ ಆದ ತವಸಳಿ ಜಂತಿಯಲ್ಲಿ ತೂಗುತ್ತಿರಲು ಅದರ ಅವಶ್ಯಕತೆಯಿಲ್ಲ.

ಹಳೆಯ ಕೇಕಿನ ಪುಸ್ತಕಗಳು ಬೆಂಕಿಯ ವಿಷಯದಲ್ಲಿ ಮೌನವಾಗಿರುವುದಕ್ಕೆ ಕಾರಣವೂ ಇದೆ. ಬೆಂಗಳೂರಿನ ದಂಡಿನ ಪ್ರದೇಶದಂಥ ಕಡೆಗಳಲ್ಲಿ ಕ್ರಿಸ್ಮಸಿನ ಕೇಕನ್ನು ಮನೆಯಲ್ಲಿ ಕಲಸಿ, ತಗಡಿನ ಪಾತ್ರೆಗಳಲ್ಲಿ ತುಂಬಿ, ಬೇಕರಿಯ ಸೌದೆಯ ಒಲೆಗೆ ಕಳುಹಿಸಿ ಬೇಯಿಸಿ ತರಿಸುವ ವಾಡಿಕೆಯಿತ್ತು. ಒಲೆಯ ಹದ ಬೇಕರಿಯವನದು. ಅದನ್ನು ಮನೆಯ ಪುಸ್ತಕದಲ್ಲಿ ಬರೆಯುವ ಅಗತ್ಯ ಯಾರಿಗೂ ತೋರಲಿಲ್ಲ. ತವಸಳಿಯ ಮನೆಗಳಲ್ಲಿ ಹದ ಅಜ್ಜಿಯ ಮೂಗಿನಲ್ಲಿತ್ತು, ಅಲ್ಲಿಯೂ ಬರೆಯಲಿಲ್ಲ.

ಕೆಂಡದ ಮೇಲೆ ಬೇಯಿಸಿ ಬಲ್ಲವರಲ್ಲಿ ಹಲವರಿಗೆ ಈಗ ಎಂಬತ್ತರ ಹತ್ತಿರ. ಅಂಥ ಹಿರಿಯರು ಮನೆಯಲ್ಲಿದ್ದರೆ ‘ಎಷ್ಟು ಹಾಕಬೇಕು ಅಜ್ಜಿ?’ ಎಂದು ಕೇಳಿ ಪ್ರಯೋಜನವಿಲ್ಲ; ‘ಕಣ್ಣಂದಾಜು ಮಗಾ’ ಎಂದೇ ಉತ್ತರ ಬರುವುದು. ತಕ್ಕಡಿಯ ಮೇಲೆ ತಟ್ಟೆಯೊಂದನ್ನಿಟ್ಟು, ಅಜ್ಜಿ ಹಿಡಿಯಲ್ಲಿ ತೆಗೆದುದನ್ನು ಪಾತ್ರೆಗೆ ಬೀಳುವ ಮೊದಲು ಆ ತಟ್ಟೆಗೆ ಹಾಕಿಸಿಕೊಂಡು ತೂಗಿ ಬರೆದಿಡಬೇಕು. ಅಜ್ಜಿಯ ಹಿಡಿ ಒಂದೊಂದು ಸಲಕ್ಕೆ ಬದಲಾಗದಿರುವುದನ್ನು ಕಂಡು ಮನೆಮಂದಿ ಬೆರಗಾಗಬಹುದು. ಅಕ್ಕಿ ಹಳೆಯದೋ ಹೊಸದೋ, ಸೌತೆಕಾಯಿ ಎಷ್ಟು ನೀರು ಬಿಟ್ಟಿತು ಎಂಬುದನ್ನೂ ಗುರುತುಹಾಕಿಕೊಳ್ಳಬೇಕು. ಮೊದಲ ಸಲ ಒಲೆಯ ಮುಂದೆ ಅಜ್ಜಿಗೇ ಕುರ್ಚಿ ಹಾಕಿಕೊಟ್ಟು, ಯಾವ ವಾಸನೆಗೆ ಬಾಗಿಲು ತೆಗೆಯಲು ಹೇಳುತ್ತಾರೆಂಬುದನ್ನು ಗಡಿಯಾರ ನೋಡಿ ಬರೆದಿಡಬೇಕು. ಬಿಸಿಯಿರುವಾಗಲೇ ಕತ್ತರಿಸಲು ಹೋದರೆ ತವಸಳಿ ಪುಡಿಯಾಗುತ್ತದೆ. ಪೂರ್ತಿ ಆರಿದ ಮೇಲೆ ತುಂಡು ಮಾಡಿ, ಮೇಲೊಂದು ಚಮಚ ತುಪ್ಪ ಹಾಕಿ ಕೊಡುವುದು ಪದ್ಧತಿ. ಮರುದಿನದ ರುಚಿಯೇ ಮೇಲು ಎನ್ನುವವರೂ ಇದ್ದಾರೆ, ಉಳಿದರೆ.