ಬಣ್ಣಕ್ಕೆ ಅರ್ಥ ಕೊಟ್ಟವರಾರು?

ಬಿಳಿಯ ಬಣ್ಣ ಮನಸ್ಸಿಗೆ ಶಾಂತಿ ತರುತ್ತದೆ ಎನ್ನುತ್ತೇವೆ. ಆದರೆ ಚೀನಾದ ಸಂಪ್ರದಾಯದಲ್ಲಿ ಬಿಳಿ ಶೋಕದ ಬಣ್ಣ. ಮದುವೆಗೆ ಕೆಂಪೇ ಶುಭ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ 1840ರಲ್ಲಿ ಬಿಳಿಯುಡುಪಿನಲ್ಲಿ ವಿವಾಹವಾದರು. 1861ರಲ್ಲಿ ಪತಿ ಅಗಲಿದ ಮೇಲೆ ಕೊನೆಯವರೆಗೂ ಶೋಕದ ಕಪ್ಪನ್ನೇ ಧರಿಸಿದರು. ನಮ್ಮಲ್ಲಿ ಹಣೆಯ ವಿಭೂತಿಯ ಬಿಳುಪು ಪವಿತ್ರ. ಅದೇ ಬಿಳುಪು ವಿಧವೆಯ ಸೀರೆಯಾದಾಗ ಅಶುಭವೆಂಬ ಭಾವನೆ ಹಲವೆಡೆ ಬೆಳೆದುಬಂದಿದೆ. ಬಣ್ಣವು ಮೂಡಿಸುವ ಭಾವಕ್ಕೆ ಬಾಲ್ಯದಿಂದ ಕಂಡ ರೂಢಿಯೂ ಕಾರಣ. ಮನುಷ್ಯರು ಕಟ್ಟಿದ ರೂಢಿಯನ್ನು ಮನುಷ್ಯರೇ ತಿದ್ದಬಹುದು. ಪತಿಯನ್ನು ಕಳೆದುಕೊಂಡ ತಾಯಿಯಿಂದ ಬಣ್ಣದ ಸೀರೆಯನ್ನೂ ಕುಂಕುಮವನ್ನೂ ಕಸಿದುಕೊಳ್ಳುವುದು ಧರ್ಮವೆನಿಸದು. ಯಾವ ಬಣ್ಣವನ್ನು ಉಡಬೇಕೆಂಬುದು ಆ ತಾಯಿಯ ಇಚ್ಛೆಗೆ ಸೇರಿದ್ದು. ಶುಭಕಾರ್ಯದಲ್ಲಿ ಅವರನ್ನು ಆದರದಿಂದ ಮುಂದೆ ಕರೆಯುವುದು ನಮ್ಮ ಕರ್ತವ್ಯ.