ಒಂದು ಪದಕ್ಕೆ ಒಂದೇ ಸ್ಥಾನ

ದೊಡ್ಡ ಗ್ರಂಥವೊಂದಕ್ಕೆ ಪದಸೂಚಿಯನ್ನು ಸಿದ್ಧಪಡಿಸುವ ಶ್ರಮವನ್ನು ಕೇಳುಗರಲ್ಲಿ ಕೆಲವರಾದರೂ ಬಲ್ಲಿರಿ. ಪದವೊಂದು ನೂರು ಬಾರಿ ಬಂದಿದ್ದರೂ ಸೂಚಿಯಲ್ಲಿ ಅದಕ್ಕೆ ಒಂದೇ ಸ್ಥಾನ. ಈ ಪುನರುಕ್ತಿಯನ್ನು ಗಣಕಯಂತ್ರ ಹೇಗೆ ಕಳೆಯುತ್ತದೆಂಬುದನ್ನು ಇಲ್ಲಿ ವಿವರಿಸಬಯಸುತ್ತೇನೆ.

ಪ್ರತಿಯೊಂದು ಪದವನ್ನೂ ಉಳಿದೆಲ್ಲ ಪದಗಳೊಡನೆ ಹೋಲಿಸುವುದು ಸುಲಭವಾಗಿ ಹೊಳೆಯುವ ದಾರಿ. ಆದರೆ 10,000 ಪದಗಳಿದ್ದರೆ ಸುಮಾರು 5 ಕೋಟಿ ಹೋಲಿಕೆಗಳಾಗುತ್ತವೆ. ಇದಕ್ಕಿಂತ ಹತ್ತಿರದ ದಾರಿಯೊಂದು ಗಣಿತದ 'ಗಣ'ದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕಲ್ಪನೆಗೆ ಶಾಸ್ತ್ರದ ರೂಪ ಕೊಟ್ಟವನು ಜರ್ಮನಿಯ ಹಾಲೆ ನಗರದಲ್ಲಿ ಅಧ್ಯಾಪಕನಾಗಿದ್ದ ಗಿಯೋರ್ಗ್ ಕ್ಯಾಂಟರ್. ವಸ್ತುವೊಂದು ಗಣಕ್ಕೆ ಸೇರಿರುತ್ತದೆ, ಇಲ್ಲವೆ ಸೇರಿರುವುದಿಲ್ಲ. ಎರಡು ಬಾರಿ ಸೇರುವ ಮಾತೇ ಇಲ್ಲ. ಪೈಥಾನ್, ಜಾವಾ ಮೊದಲಾದ ಗಣಕಭಾಷೆಗಳಲ್ಲಿ ಇದಕ್ಕೆ 'ಸೆಟ್' ಎಂದು ಹೆಸರು. ಪದಗಳನ್ನೆಲ್ಲ ಅದರೊಳಗೆ ಹಾಕಿದರೆ ಪುನರುಕ್ತಿ ತಾನಾಗಿಯೇ ಅಳಿಯುತ್ತದೆ.

ಇದರ ಹಿಂದೆ ಸಾಮಾನ್ಯವಾಗಿರುವುದು ಐ.ಬಿ.ಎಂ. ಸಂಸ್ಥೆಯ ಹಾನ್ಸ್ ಪೀಟರ್ ಲೂನ್ 1953ರಲ್ಲಿ ಸೂಚಿಸಿದ 'ಹ್ಯಾಷಿಂಗ್' ಎಂಬ ಉಪಾಯ. ಅಂಚೆಕಛೇರಿಯಲ್ಲಿ ಕಾಗದಗಳನ್ನು ವಿಂಗಡಿಸುವ ಗೂಡುಗಳನ್ನು ನೆನೆಯಿರಿ. ಯಂತ್ರವು ಪದದ ಅಕ್ಷರಸಂಕೇತಗಳಿಂದ ಸಂಖ್ಯೆಯೊಂದನ್ನು ಗಣಿಸಿ, ಅದು ತೋರುವ ಗೂಡನ್ನೇ ನೇರವಾಗಿ ನೋಡುತ್ತದೆ. ಗೂಡು ಬರಿದಾಗಿದ್ದರೆ ಪದ ಹೊಸದು. ಭಿನ್ನ ಪದಗಳಿಗೂ ಒಮ್ಮೊಮ್ಮೆ ಒಂದೇ ಗೂಡು ಒದಗುವುದರಿಂದ, ಅಲ್ಲಿ ಪದವಿದ್ದರೆ ಅದರೊಡನೆ ಹೋಲಿಸಿ ನೋಡುತ್ತದೆ. 5 ಕೋಟಿ ಹೋಲಿಕೆಗಳ ಕೆಲಸ ಕೆಲವು ಸಾವಿರಗಳಲ್ಲಿ ಮುಗಿಯುತ್ತದೆ.

ಆದರೆ 'ಒಂದೇ ಪದ' ಎಂದರೇನು? ಯಂತ್ರ ಬಲ್ಲದ್ದು ಸಂಕೇತವನ್ನು ಮಾತ್ರ. 'ಕೊಡ' ಎಂಬಲ್ಲಿನ ಒಕಾರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತದಿಂದ ಬರೆಯಬಹುದು. ಎಕಾರ, ಊಕಾರಗಳ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ನಮ್ಮ ಕಣ್ಣಿಗೆ ಎರಡೂ ಒಂದೇ, ಸೆಟ್ಟಿಗೆ ಬೇರೆ ಬೇರೆ. ಆದ್ದರಿಂದ ಮೊದಲು ಎಲ್ಲವನ್ನೂ ಏಕರೂಪಕ್ಕೆ ತರಬೇಕು. ಇನ್ನೊಂದೆಡೆ 'ಹತ್ತು' ಎಂಬುದು ಸಂಖ್ಯೆಯೂ ಹೌದು, ಮೇಲೇರು ಎಂಬ ಕ್ರಿಯೆಯೂ ಹೌದು. ಸೆಟ್ಟಿನಲ್ಲಿ ಈ ಎರಡೂ ಕೂಡಿ ಒಂದಾಗುತ್ತವೆ. ಒಂದು ಅರ್ಥ ಸೂಚಿಯಿಂದ ಸದ್ದಿಲ್ಲದೆ ಮರೆಯಾಗುತ್ತದೆ.

ಪದ ಎಷ್ಟು ಬಾರಿ ಬಂದಿತೆಂಬ ಎಣಿಕೆಯೂ ಸೆಟ್ಟಿನಲ್ಲಿ ಉಳಿಯದು. ಪೈಥಾನಿನ ಸೆಟ್ ಪದಗಳು ಬಂದ ಅನುಕ್ರಮವನ್ನೂ ಕಾಯುವುದಿಲ್ಲ. ಅನುಕ್ರಮ ಬೇಕಾದವರು ಸೆಟ್ಟನ್ನು ಬಾಗಿಲಲ್ಲಿ ಕಾವಲಿಗಿರಿಸಿ, ಅದು ಹೊಸದೆಂದು ಒಳಬಿಟ್ಟ ಪದಗಳನ್ನು ಬೇರೊಂದು ಪಟ್ಟಿಯಲ್ಲಿ ಬಂದಂತೆಯೇ ಬರೆದಿಡುವುದು ಲೇಸು.

ಪುನರುಕ್ತಿಯನ್ನು ಕಳೆಯುವ ದುಡಿಮೆಯನ್ನು ಯಂತ್ರಕ್ಕೆ ಧಾರಾಳವಾಗಿ ಒಪ್ಪಿಸೋಣ. ಯಾವುದು ಪುನರುಕ್ತಿ, ಯಾವುದು ಅಲ್ಲ ಎಂದು ನಿರ್ಣಯಿಸುವ ಹೊಣೆ ಮಾತ್ರ ಭಾಷೆ ಬಲ್ಲವರದೇ ಎಂದು ನಾನು ಭಾವಿಸುತ್ತೇನೆ.