ಕ್ರಾಸ್ ಎಂಬ ನಾನಾರ್ಥಪದ

ಯಲಹಂಕವನ್ನು ಹಿಂದಿಕ್ಕಿ ಬಳ್ಳಾರಿ ರಸ್ತೆಯಲ್ಲಿ ಉತ್ತರಾಭಿಮುಖವಾಗಿ ಸಾಗುವ ಬಸ್ಸಿನ ಕಂಡಕ್ಟರು ‘ಬಾಗಲೂರು ಕ್ರಾಸ್’ ಎಂದು ಕೂಗಿದೊಡನೆ ಇಳಿಯತಕ್ಕವರು ಇಳಿಯುತ್ತಾರೆ; ಬಾಗಲೂರಾದರೋ ಅಲ್ಲಿಂದ ಪೂರ್ವಕ್ಕೆ, ಕಟ್ಟಿಗೇನಹಳ್ಳಿಯನ್ನೂ ದಾಟಿ ಮೈಲಿಗಳಾಚೆ ಇದೆಯೆಂಬುದು ಅವರಿಗೆ ವಿದಿತವೇ. ಹೆದ್ದಾರಿಯಿಂದ ಊರಿನ ದಾರಿ ಕವಲೊಡೆಯುವ ಸ್ಥಳಕ್ಕೆ ಆ ಊರ ಹೆಸರಿನೊಡನೆ ‘ಕ್ರಾಸ್’ ಸೇರಿಸಿ ಕರೆಯುವುದು ನಾಡಿನಾದ್ಯಂತ ರೂಢಿ. ರಸ್ತೆಗಳು ಒಂದನ್ನೊಂದು ಕತ್ತರಿಸಲೇಬೇಕೆಂಬ ನಿರ್ಬಂಧವಿಲ್ಲ. ಅದೇ ಪದ ನಗರದ ಬಡಾವಣೆಯಲ್ಲಿ ‘ಮೈನ್’ಗೆ ಅಡ್ಡಲಾಗಿ ಹಾಯುವ ಬೀದಿ, ನ್ಯಾಯಾಲಯದಲ್ಲಿ ಪಾಟೀಸವಾಲು, ಹಾಲಿನ ಡೈರಿಯ ಮುಂದೆ ಮಿಶ್ರತಳಿಯ ಹಸು, ಬ್ಯಾಂಕಿನಲ್ಲಿ ಚೆಕ್ಕಿನ ಮೇಲೆಳೆದ ಜೋಡಿಗೆರೆ. ಆ ಗೆರೆಗಳು ಸಮಾನಾಂತರವಾಗಿದ್ದು ಪರಸ್ಪರ ಎಂದಿಗೂ ಸಂಧಿಸವೆಂಬುದೇ ಸ್ವಾರಸ್ಯ.

ಲ್ಯಾಟಿನ್ನಿನ ‘ಕ್ರುಕ್ಸ್’ ಇದರ ಮೂಲ. ಶಿಲುಬೆಯ ಆಕೃತಿಯಿಂದ ಅಡ್ಡಗೆರೆಯೂ, ಅಡ್ಡಗೆರೆಯಿಂದ ಅಡ್ಡಹಾಯುವ ಕ್ರಿಯೆಯೂ, ಅಡ್ಡಬರುವುದರಿಂದ ವಿರೋಧವೂ, ಕಡೆಗೆ ಸಿಡುಕೂ ಹುಟ್ಟಿ ಒಂದು ಪದ ಇಂಗ್ಲಿಷಿನಲ್ಲಿ ಅರ್ಥಗಳ ಸಂತಾನವನ್ನೇ ಪಡೆಯಿತು. ಈ ಗುಣವನ್ನು ಫ್ರಾನ್ಸಿನ ಮಿಶೆಲ್ ಬ್ರೆಯಾಲ್ 1897ರ ತನ್ನ ಗ್ರಂಥದಲ್ಲಿ ‘ಪಾಲಿಸೆಮಿ’ ಎಂದು ಕರೆದನು. ನಮ್ಮ ‘ಹತ್ತು’ ಎಂಬಲ್ಲಿ ಸಂಖ್ಯೆಗೂ ಏರುವ ಕ್ರಿಯೆಗೂ ನಂಟಿಲ್ಲ. ಅದು ಆಕಸ್ಮಿಕವಾದ ಸಮಧ್ವನಿ ಮಾತ್ರ, ಸಂತಾನವಲ್ಲ.

ಹೆಚ್ಚು ಬಳಕೆಯ ಪದಗಳಿಗೇ ಹೆಚ್ಚು ಅರ್ಥಗಳಿರುತ್ತವೆಂಬುದನ್ನು ಅಮೆರಿಕದ ಜಾರ್ಜ್ ಜಿಪ್ಫ್ 1945ರಲ್ಲಿ ತೋರಿಸಿದನು. ಪ್ರತಿಯೊಂದು ಭಾವಕ್ಕೂ ಹೊಸ ಶಬ್ದವನ್ನು ನಿರ್ಮಿಸಿ ನೆನಪಿನಲ್ಲಿಡುವುದಕ್ಕಿಂತ, ನಾಲಗೆಗೆ ಪಳಗಿದ ಶಬ್ದಕ್ಕೆ ಇನ್ನೊಂದು ಕೆಲಸವನ್ನು ಒಪ್ಪಿಸಿ ಉಳಿದುದನ್ನು ಸಂದರ್ಭಕ್ಕೆ ಬಿಡುವುದು ಸುಲಭವಷ್ಟೆ. ಹಾಗಾದರೆ ಕೇಳುವವನು ಗೊಂದಲಕ್ಕೊಳಗಾಗನೆ? 1979ರಲ್ಲಿ ಡೇವಿಡ್ ಸ್ವಿನ್ನಿ ನಡೆಸಿದ ಪ್ರಯೋಗದಲ್ಲಿ ಕಂಡುಬಂದುದು ವಿಸ್ಮಯಕರವಾದುದು: ಎರಡರ್ಥದ ಪದವು ಕಿವಿಗೆ ಬಿದ್ದೊಡನೆ, ಸಂದರ್ಭವು ಎಷ್ಟೇ ಸ್ಪಷ್ಟವಾಗಿದ್ದರೂ, ಎರಡೂ ಅರ್ಥಗಳು ಮನಸ್ಸಿನಲ್ಲಿ ಏಕಕಾಲಕ್ಕೆ ಎಚ್ಚೆತ್ತು, ಮುಂದಿನ ಮೂರು ಅಕ್ಷರಗಳನ್ನು ಕೇಳುವಷ್ಟರೊಳಗೆ ಸಲ್ಲದ ಅರ್ಥವು ಅಡಗಿಹೋಗುತ್ತದೆ. ಕೇಳಿದವನಿಗೆ ಈ ಆಯ್ಕೆಯ ಅರಿವೇ ಇರುವುದಿಲ್ಲ.

ಎರವಲು ಪದದ ಬಾಳು ಇನ್ನೂ ವಿಚಿತ್ರವಾದುದು. ಅದು ತನ್ನ ಅರ್ಥಪರಿವಾರವನ್ನೆಲ್ಲ ಕರೆತರುವುದಿಲ್ಲ. ನದಿಯ ಸೆಳವನ್ನೂ ವರ್ತಮಾನವನ್ನೂ ಇಂಗ್ಲಿಷಿನಲ್ಲಿಯೇ ಬಿಟ್ಟು ‘ಕರೆಂಟು’ ಕೇವಲ ವಿದ್ಯುತ್ತಾಗಿ ನಮ್ಮಲ್ಲಿಗೆ ಬಂದಿತು. ‘ಕ್ರಾಸ್’ ತನ್ನ ಸಿಡುಕನ್ನು ತರಲಿಲ್ಲ. ಬಂದ ಮೇಲೆ ಮಾತ್ರ ಇಲ್ಲಿಯ ನೆಲದಲ್ಲಿ ಹೊಸ ಕವಲುಗಳನ್ನು ಚಿಗುರಿಸುತ್ತದೆ. ಇಂಥವುಗಳನ್ನು ಪರಭಾಷೆಯ ಪದಗಳೆಂದು ನಿಘಂಟಿನ ಹೊಸ್ತಿಲಲ್ಲಿಯೇ ತಡೆಯುವುದು ನನಗೆ ಸರಿಯೆಂದು ತೋರದು. ಬಾಗಲೂರಿನ ‘ಕ್ರಾಸ್’ ಕನ್ನಡದ ಪದವೇ. ‘ಸ್ಟೇಜ್’ ಎಂಬುದು ನಾಟಕದವರಿಗೆ ರಂಗವಾಗಿ, ವೈದ್ಯರಿಗೆ ರೋಗದ ಘಟ್ಟವಾಗಿ, ಕಂಡಕ್ಟರಿಗೆ ಟಿಕೆಟ್ಟಿನ ದರ ಏರುವ ನಿಲ್ದಾಣವಾಗಿ ಇರುವುದರ ಜೊತೆಗೆ, ಹೆಬ್ಬಾಳದ ಕಡೆಯ ರಾಜಮಹಲ್ ವಿಲಾಸದಲ್ಲಿ ಜನ ಮನೆ ಕಟ್ಟಿಕೊಂಡು ವಾಸಿಸುವ ಎರಡನೆಯ ಹಂತದ ಬಡಾವಣೆಯೂ ಆಗಿದೆ.